ಹೆರಾನ್ ಮಾಡಿದ್ದು ಬರೀ ಆಟಿಕೆಗಳಾ? ಮಗಳ ಕಾರಂಜಿಗೆ ಬಂದ ಒಂದು ಪ್ರಶ್ನೆ

ಒಂಬತ್ತನೇ ಕ್ಲಾಸಿನ ಅಪ್ಪ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಬೇಜಾರು ಮಾಡ್ಕೋಬೇಡಿ.

ಹೋದ ವಾರ ಮಗಳ ಶಾಲೆಯಲ್ಲಿ ವಿಜ್ಞಾನ ವಸ್ತುಪ್ರದರ್ಶನ ಇತ್ತು. ಅವಳು ಹೆರಾನ್ ಕಾರಂಜಿ ಮಾಡಿದ್ದಳು. ಹಳೇ ಕಾಲದ ಹೆರಾನ್ ಅನ್ನುವವನ ಹೆಸರಿನದು, ಮುಚ್ಚಿದ ಬಾಟಲಿಯ ಗಾಳಿಯ ಒತ್ತಡದಿಂದಲೇ ನೀರು ಚಿಮ್ಮುತ್ತದೆ. ಮೂರು ಬಾಟಲಿ, ಮೆಡಿಕಲ್ ಶಾಪಿನಿಂದ ತಂದ ಡ್ರಿಪ್ ಪೈಪು, ಎಂ-ಸೀಲ್, ಇಷ್ಟೇ ಸಾಮಾನು. ಮೊದಲ ಎರಡು ಸಂಜೆ ನೀರು ಚಿಮ್ಮಲೇ ಇಲ್ಲ. ಮೂರನೇ ದಿನ ಮುಚ್ಚಳದ ಸುತ್ತ ಸೋಪಿನ ನೀರು ಹಚ್ಚಿ ನೋಡಿದೆವು. ಪೈಪು ಒಳಗೆ ಹೋಗುವ ತೂತಿನ ಹತ್ತಿರ ಸಣ್ಣದೊಂದು ಗುಳ್ಳೆ ಎದ್ದಿತು. ಗಾಳಿ ಅಲ್ಲಿಂದ ಸೋರುತ್ತಿತ್ತು. ಅದನ್ನು ಮುಚ್ಚಿ ಒಣಗಿಸಿ ಮತ್ತೆ ನೀರು ಹಾಕಿದಾಗ ಒಂದು ಗೇಣು ಎತ್ತರಕ್ಕೆ ಚಿಮ್ಮಿತು. ಅವಳ ಮುಖ ನೋಡಬೇಕಿತ್ತು.

ಪ್ರದರ್ಶನಕ್ಕೆ ಬಂದ ಒಬ್ಬರು ನೋಡಿ, "ಚೆನ್ನಾಗಿದೆ ಮಗು, ಆದರೆ ಇದರಿಂದ ಏನು ಉಪಯೋಗ? ಆ ಹೆರಾನ್ ಮಾಡಿದ್ದೆಲ್ಲ ಆಟಿಕೆಗಳೇ. ಉಗಿ ಯಂತ್ರ ಕೈಯಲ್ಲೇ ಇತ್ತು, ಅದನ್ನೂ ಗೊತ್ತಾಗದೆ ಬಿಟ್ಟುಬಿಟ್ಟ" ಅಂದರಂತೆ. ಇವಳಿಗೆ ಉತ್ತರ ಹೊಳೆಯಲಿಲ್ಲ. ಮನೆಗೆ ಬಂದು ನನ್ನನ್ನು ಕೇಳಿದಳು. ನನಗೂ ಗೊತ್ತಿಲ್ಲ. ಪಾಠದಲ್ಲಿ ತ್ರಿಭುಜದ ವಿಸ್ತೀರ್ಣಕ್ಕೆ ಬರುವ ಹೆರಾನ್ ಸೂತ್ರದ ಹೆರಾನ್ ಇವನೇ ಅನ್ನುವುದೂ ನನಗೆ ಆವತ್ತೇ ತಿಳಿದದ್ದು. ತಿಳಿದವರು ಸ್ವಲ್ಪ ಹೇಳಿ. ಅವಳೂ ಪಕ್ಕದಲ್ಲೇ ಕೂತು ಓದುತ್ತಾಳೆ.

ಸಂಶಯ:

ಪ್ರದರ್ಶನಕ್ಕೆ ಬಂದವರು ಹೇಳಿದ್ದು ಸರಿ ಅಂತಲೇ ನಾನೂ ಕೇಳಿದ್ದೇನೆ. ಆಗಿನ ಕಾಲದಲ್ಲಿ ಗುಲಾಮರು ಬೇಕಾದಷ್ಟು ಇದ್ದರು. ಯಂತ್ರ ಯಾರಿಗೆ ಬೇಕಿತ್ತು? ಅದಕ್ಕೇ ಉಗಿಯಿಂದ ತಿರುಗುವ ಹೆರಾನ್‌ನ ಚೆಂಡು ಆಟಿಕೆಯಾಗಿಯೇ ಉಳಿಯಿತು.

ಲೇತ್ ಕೆಲಸದವ:

ಆ ಉಗಿ ಚೆಂಡನ್ನು ನಾನು ಮಾಡಿ ನೋಡಿದ್ದೇನೆ, ಹಾಗಾಗಿ ಇದರ ಬಗ್ಗೆ ನಾನು ಹೇಳಬಹುದು ಅನ್ಸುತ್ತೆ.

ಹೆರಾನ್ ಬರೆದಿರುವ ರಚನೆ ಹೀಗಿದೆ. ಒಲೆಯ ಮೇಲೆ ಮುಚ್ಚಿದ ಒಂದು ಹಂಡೆ. ಮುಚ್ಚಳದಿಂದ ಒಂದು ಬಾಗಿದ ಕೊಳವೆ ಮೇಲೆ ಬಂದು ಟೊಳ್ಳು ಚೆಂಡಿನ ಒಂದು ಪಕ್ಕಕ್ಕೆ ಸೇರುತ್ತದೆ. ಎದುರು ಪಕ್ಕದಲ್ಲಿ ಬರೀ ಒಂದು ಮೊಳೆಯಂಥ ಆಸರೆ. ಚೆಂಡಿಗೆ ಎರಡು ಸಣ್ಣ ಮೂತಿಗಳು, ಒಂದು ಈ ಕಡೆ ಬಾಗಿದ್ದರೆ ಇನ್ನೊಂದು ಆ ಕಡೆ. ಹಂಡೆಯ ಉಗಿ ಚೆಂಡಿಗೆ ನುಗ್ಗಿ ಮೂತಿಗಳಿಂದ ಹೊರಗೆ ಹಾರುತ್ತದೆ, ಚೆಂಡು ತಿರುಗುತ್ತದೆ. ದೀಪಾವಳಿಯ ಭೂಚಕ್ರ ತಿರುಗುವುದೂ ಇದೇ ರೀತಿ.

ನಾನು ನೀರಿನ ಟ್ಯಾಂಕಿನ ಹಳೇ ತಾಮ್ರದ ಫ್ಲೋಟ್ ಬಾಲ್ ತೆಗೆದುಕೊಂಡು ಮಾಡಿದ್ದೆ. ಎಲ್ಲಾ ತೊಂದರೆ ಇದ್ದದ್ದು ಒಂದೇ ಜಾಗದಲ್ಲಿ. ತಿರುಗುವ ಚೆಂಡಿಗೂ ತಿರುಗದ ಕೊಳವೆಗೂ ಸೇರುವ ಕೀಲು ಇದೆಯಲ್ಲ, ಅಲ್ಲಿ. ಬಿಗಿ ಮಾಡಿದರೆ ಉಜ್ಜಿಕೊಂಡು ನಿಲ್ಲುತ್ತದೆ. ಸಡಿಲ ಬಿಟ್ಟರೆ ಉಗಿಯೆಲ್ಲ ಅಲ್ಲೇ ಸೋರುತ್ತದೆ. ಎರಡರ ಮಧ್ಯೆ ಸರಿಯಾದ ಅಳತೆ ಹುಡುಕಲು ನನಗೆ ಲೇತ್ ಇದ್ದೂ ನಾಲ್ಕು ಭಾನುವಾರ ಹಿಡಿಯಿತು. ಕೊನೆಗೆ ಚೆನ್ನಾಗಿ ತಿರುಗಿತು, ಕಣ್ಣಿಗೆ ಮಸುಕಾಗಿ ಕಾಣುವಷ್ಟು ಜೋರಾಗಿ. ಆದರೆ ಒಂದು ತೆಂಗಿನ ಗರಿಕಡ್ಡಿ ತಾಗಿಸಿದರೆ ಸಾಕು, ನಿಂತುಬಿಡುತ್ತಿತ್ತು. ಅಷ್ಟೇ ಅದರ ಶಕ್ತಿ. ಅಷ್ಟಕ್ಕೇ ಒಲೆಗೆ ಹಾಕಿದ ಸೌದೆ ಒಂದು ಹೊರೆ.

ಇಂಗ್ಲೆಂಡಿನ ನ್ಯೂಕಮನ್ 1712ರಲ್ಲಿ ಗಣಿಯ ನೀರೆತ್ತಲು ಮಾಡಿದ ಯಂತ್ರಕ್ಕೂ ಇದಕ್ಕೂ ಹೆಚ್ಚು ಸಂಬಂಧವಿಲ್ಲ. ಅದರಲ್ಲಿ ಸಿಲಿಂಡರಿಗೆ ಉಗಿ ತುಂಬಿಸಿ, ತಣ್ಣೀರು ಚಿಮುಕಿಸಿ, ಉಗಿಯನ್ನು ಮತ್ತೆ ನೀರು ಮಾಡುತ್ತಾರೆ. ಒಳಗೆ ನಿರ್ವಾತ ಆಗುತ್ತದೆ. ಹೊರಗಿನ ಗಾಳಿ ಪಿಸ್ಟನ್ನನ್ನು ಕೆಳಗೆ ಒತ್ತುತ್ತದೆ. ಗಾಳಿಗೆ ಅಷ್ಟು ಒತ್ತಡ ಇದೆ ಅಂತ ಜನಕ್ಕೆ ಮನದಟ್ಟಾಗಿದ್ದೇ 1643ರ ಟೊರಿಚೆಲ್ಲಿಯ ಪಾದರಸದ ಪ್ರಯೋಗದ ನಂತರ. ಜೇಮ್ಸ್ ವಾಟ್‌ಗೆ 1769ರಲ್ಲೇ ಪೇಟೆಂಟ್ ಸಿಕ್ಕಿತ್ತು, ಆದರೆ ಸಿಲಿಂಡರ್ ಸರಿಯಾಗಿ ಬರುತ್ತಿರಲಿಲ್ಲ. ಫಿರಂಗಿ ಕೊರೆಯುತ್ತಿದ್ದ ಜಾನ್ ವಿಲ್ಕಿನ್ಸನ್ ತನ್ನ ಹೊಸ ಕೊರೆಯುವ ಯಂತ್ರದಲ್ಲಿ ಸಿಲಿಂಡರ್ ಕೊರೆದುಕೊಟ್ಟ ಮೇಲೆ ವಾಟ್‌ನ ಯಂತ್ರ ನೆಟ್ಟಗೆ ಓಡಿತು. ಅಂದರೆ ಸಾವಿರದ ಏಳುನೂರು ವರ್ಷ ತಡವಾಗಿದ್ದು ಯಾರೋ ಒಬ್ಬನ ಬುದ್ಧಿ ಮಂಕಾಗಿದ್ದರಿಂದ ಅಂತ ಹೇಳಲು ನನಗೆ ಮನಸ್ಸು ಬರುವುದಿಲ್ಲ. ಎರಕ, ಕೊರೆತ, ಕಬ್ಬಿಣ, ಕಲ್ಲಿದ್ದಲು, ಇಷ್ಟೂ ಜೊತೆಯಾಗಬೇಕಿತ್ತು.

ಒಂದು ಮಾತು. ಉಗಿ ಚೆಂಡನ್ನು ಮಕ್ಕಳ ಕೈಗೆ ಕೊಡಬೇಡಿ. ಮೂತಿ ಕಟ್ಟಿಕೊಂಡರೆ ಹಂಡೆ ಸಿಡಿಯುತ್ತದೆ. ಕಾರಂಜಿಯೇ ಒಳ್ಳೆಯದು.

ಹಳೇ ಪುಟ:

ಲೇತ್ ಸರ್ ಹೇಳಿದ್ದು ಓದಿ ಖುಷಿಯಾಯಿತು. ಗುಲಾಮರ ವಿಷಯಕ್ಕೆ ನಾನು ಸೇರಿಸುತ್ತೇನೆ.

ಸಂಶಯ ಅವರೇ, ಗುಲಾಮರಿದ್ದರು ನಿಜ. ಆದರೆ ಅದೇ ಕಾಲದ ಜನ ಕೈಗೆ ಸಿಕ್ಕ ನೀರಿನ ಬಲವನ್ನು ಬಿಟ್ಟಿರಲಿಲ್ಲ. ದಕ್ಷಿಣ ಫ್ರಾನ್ಸಿನ ಬಾರ್ಬೆಗಾಲ್‌ನಲ್ಲಿ ರೋಮನರ ಕಾಲದ ಹಿಟ್ಟಿನ ಗಿರಣಿ ಇದೆ. ಬೆಟ್ಟದ ಇಳಿಜಾರಿನಲ್ಲಿ ಎಂಟು ಎಂಟರ ಎರಡು ಸಾಲು, ಒಟ್ಟು 16 ನೀರ್ಗಾಲಿಗಳು. ಈಗಿನ ಟರ್ಕಿಯ ಹಿಯರಾಪೊಲಿಸ್‌ನಲ್ಲಿ ಕ್ರಿ.ಶ. 3ನೇ ಶತಮಾನದ ಒಂದು ಕಲ್ಲಿನ ಶವಪೆಟ್ಟಿಗೆಯ ಮೇಲೆ ನೀರಿನಿಂದ ನಡೆಯುವ ಗರಗಸದ ಚಿತ್ರ ಕೆತ್ತಿದ್ದಾರೆ. ಚಕ್ರ, ಕ್ರ್ಯಾಂಕ್, ಅದಕ್ಕೆ ಸಿಕ್ಕಿಸಿದ ಕೋಲು, ಎಲ್ಲ ಕಾಣುತ್ತದೆ. ಕೆಲಸ ಹಗುರ ಮಾಡುವ ಯಂತ್ರ ಬೇಡ ಅಂದುಕೊಂಡವರು ಇದನ್ನೆಲ್ಲ ಕಟ್ಟುತ್ತಿರಲಿಲ್ಲ ಅಲ್ವಾ?

ಇನ್ನು ಹೆರಾನ್ ಯಾರು ಅನ್ನುವುದು. ಈಜಿಪ್ಟಿನ ಅಲೆಕ್ಸಾಂಡ್ರಿಯದಲ್ಲಿದ್ದವನು, ಬರೆದದ್ದು ಗ್ರೀಕಿನಲ್ಲಿ. ಆಗ ಆ ಊರು ರೋಮ್ ಸಾಮ್ರಾಜ್ಯದ ಕೈಯಲ್ಲಿತ್ತು. ತನ್ನ ಅಪ್ಪ, ಅಮ್ಮ, ಮನೆ, ಗುರು, ಯಾವುದರ ಬಗ್ಗೆಯೂ ಅವನು ಒಂದು ಸಾಲು ಬರೆದಿಟ್ಟಿಲ್ಲ. ಅದಕ್ಕೇ ವಿದ್ವಾಂಸರು ಬಹಳ ಕಾಲ ಅವನನ್ನು ಕ್ರಿ.ಪೂ. 150ರಿಂದ ಕ್ರಿ.ಶ. 250ರವರೆಗೆ ಎಲ್ಲೆಲ್ಲೋ ಇಟ್ಟು ನೋಡಿದರು.

ಕೊನೆಗೆ ಗಂಟು ಬಿಚ್ಚಿದ್ದು ಒಂದು ಚಂದ್ರಗ್ರಹಣ. ಸರ್ವೇ ಉಪಕರಣದ ಬಗ್ಗೆ ಅವನು ಬರೆದ ಪುಸ್ತಕದಲ್ಲಿ ರೋಮ್‌ಗೂ ಅಲೆಕ್ಸಾಂಡ್ರಿಯಕ್ಕೂ ಎಷ್ಟು ದೂರ ಅಂತ ಲೆಕ್ಕ ಹಾಕುವ ಒಂದು ಅಧ್ಯಾಯ ಇದೆ. ಮಧ್ಯೆ ಸಮುದ್ರ, ಹಗ್ಗ ಹಿಡಿದು ಅಳೆಯಲು ಆಗದು. ಅದಕ್ಕೆ ಅವನು ಒಂದೇ ಗ್ರಹಣವನ್ನು ಎರಡೂ ಊರಿನಲ್ಲಿ ನೋಡಿ, ಆಗ ಅಲ್ಲಿ ರಾತ್ರಿ ಎಷ್ಟು ಗಂಟೆ, ಇಲ್ಲಿ ಎಷ್ಟು ಗಂಟೆ ಅಂತ ಹೋಲಿಸು ಅನ್ನುತ್ತಾನೆ. ಉದಾಹರಣೆಗೆ ಕೊಟ್ಟ ಗ್ರಹಣ ವಸಂತದಲ್ಲಿ ಹಗಲು ರಾತ್ರಿ ಸಮನಾಗುವ ದಿನಕ್ಕೆ ಹತ್ತು ದಿನ ಮೊದಲು, ಅಲೆಕ್ಸಾಂಡ್ರಿಯದಲ್ಲಿ ರಾತ್ರಿಯ ಐದನೇ ತಾಸಿನಲ್ಲಿ ಆದದ್ದು. 1938ರಲ್ಲಿ ಗಣಿತದ ಇತಿಹಾಸಕಾರ ಓಟೊ ನೊಯ್‌ಗೆಬೌವರ್ ಹಿಂದಿನ ಗ್ರಹಣಗಳನ್ನೆಲ್ಲ ಲೆಕ್ಕ ಹಾಕಿ, ಇದಕ್ಕೆ ಹೊಂದುವುದು ಕ್ರಿ.ಶ. 62ರ ಮಾರ್ಚ್ 13ರದು ಅಂತ ತೋರಿಸಿದರು. ಅಲ್ಲಿಂದ ಮುಂದೆ ಹೆಚ್ಚಿನವರು ಅವನನ್ನು ಕ್ರಿ.ಶ. 1ನೇ ಶತಮಾನದವನು ಅಂತಲೇ ಹೇಳುತ್ತಾರೆ. ಬದುಕಿನ ಬಗ್ಗೆ ಏನೂ ಹೇಳದವನು ಒಂದು ಲೆಕ್ಕದ ಉದಾಹರಣೆಯಿಂದ ತನ್ನ ಕಾಲ ಹೇಳಿಬಿಟ್ಟ. ನನಗೆ ಇದು ಪ್ರತಿ ಸಲ ಓದಿದಾಗಲೂ ಮೈ ಜುಂ ಅನ್ನಿಸುತ್ತದೆ.

ಸೈಟ್ ಮೇಸ್ತ್ರಿ:

ಸರ್ವೇ ಉಪಕರಣ ಅಂದಿರಲ್ಲ ಸರ್, ಅದರಲ್ಲಿ ಮಟ್ಟ ನೋಡುವುದು ಹೇಗಿತ್ತು?

ಹಳೇ ಪುಟ:

ಮೇಸ್ತ್ರಿಗಳೇ, ನೀವು ಕೇಳಿದ್ದು ಒಳ್ಳೇದಾಯ್ತು. ಅದರ ಹೆಸರು ಡಯಾಪ್ಟ್ರಾ. ಮಟ್ಟ ನೋಡಲು ಅದಕ್ಕೆ ಒಂದು ಬೇರೆ ಭಾಗ ಇತ್ತು. ಸುಮಾರು ನಾಲ್ಕು ಮೊಳ ಉದ್ದದ ಮರದ ಪಟ್ಟಿ, ಅದರೊಳಗೆ ತಾಮ್ರದ ಕೊಳವೆ. ಎರಡು ತುದಿಯಲ್ಲೂ ಕೊಳವೆ ಮೇಲಕ್ಕೆ ಬಾಗಿ ಅಲ್ಲಿ ಗಾಜಿನ ಕೊಳವೆ ಕೂರಿಸಿದೆ. ಒಳಗೆ ನೀರು. ಎರಡೂ ಗಾಜಿನಲ್ಲಿ ನೀರು ನಿಂತ ಗೆರೆಗೆ ಸರಿಯಾಗಿ ಕಣ್ಣಿಟ್ಟು ನೋಡಿದರೆ ದೂರದ ಕೋಲಿನ ಮೇಲೆ ಮಟ್ಟ ಸಿಗುತ್ತದೆ.

ಸೈಟ್ ಮೇಸ್ತ್ರಿ:

ಇದು ನಮ್ಮ ಲೆವೆಲ್ ಪೈಪೇ ಸರ್! ಪಾಯ ಹಾಕುವಾಗ ನಾನೂ ನನ್ನ ಹುಡುಗನೂ ಒಬ್ಬೊಬ್ಬರು ಒಂದೊಂದು ತುದಿ ಹಿಡಿದು, ಪೈಪಿನಲ್ಲಿ ಗಾಳಿಗುಳ್ಳೆ ಇಲ್ಲ ಅಂತ ನೋಡಿಕೊಂಡು, ನೀರು ನಿಂತ ಕಡೆ ಪೆನ್ಸಿಲ್ ಗೀಟು ಹಾಕುತ್ತೇವೆ. ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ. ಗುಳ್ಳೆ ಸಿಕ್ಕಿಕೊಂಡರೆ ಮಟ್ಟ ಕೆಡುತ್ತದೆ, ಆಮೇಲೆ ನೆಲ ಹಾಸಿದಾಗ ನೀರು ಬಾತ್‌ರೂಮಿನಿಂದ ಹಾಲ್‌ಗೆ ಬರುತ್ತದೆ. ಅಷ್ಟು ಹಿಂದೆ ಒಬ್ಬ ಇದನ್ನು ಬರೆದಿಟ್ಟಿದ್ದ ಅಂತ ಇವತ್ತು ಗೊತ್ತಾಯಿತು. ಪಾಪುಗೆ ಹೇಳಿ, ಹೆರಾನ್‌ನಿಂದ ಏನು ಉಪಯೋಗ ಅಂದವರಿಗೆ ಅವರ ಮನೆ ನೆಲವನ್ನೇ ತೋರಿಸು ಅಂತ.

ಹಳೇ ಪುಟ:

ಅದೇ ಪುಸ್ತಕದಲ್ಲಿ ಬೆಟ್ಟದ ಎರಡು ಕಡೆಯಿಂದ ಸುರಂಗ ತೋಡುತ್ತಾ ಬಂದು ಮಧ್ಯದಲ್ಲಿ ಸೇರುವುದು ಹೇಗೆ ಅಂತಲೂ ಇದೆ. ಒರತೆಯ ನೀರು ಎಷ್ಟು ಅಂತ ಅಳೆಯುವ ಬಗೆಯೂ ಇದೆ. ಕಾಲುವೆಯ ಬಾಯಿ ಎಷ್ಟು ಅಗಲ ಅಂತ ನೋಡಿದರೆ ಸಾಲದು, ನೀರು ಎಷ್ಟು ವೇಗವಾಗಿ ಬರುತ್ತದೆ ಅನ್ನುವುದೂ ಬೇಕು ಅಂತ ಅವನು ಬಿಡಿಸಿ ಹೇಳುತ್ತಾನೆ. ಅದಕ್ಕೆ ಒಂದು ಗುಂಡಿ ತೋಡು, ಬಿಸಿಲು ಗಡಿಯಾರ ಇಟ್ಟುಕೊಂಡು ಒಂದು ತಾಸಿನಲ್ಲಿ ಗುಂಡಿಗೆ ಎಷ್ಟು ನೀರು ಬಂತು ಅಂತ ಅಳೆ ಅನ್ನುತ್ತಾನೆ. ಬಾವಿಯ ನೀರು ಖಾಲಿ ಮಾಡಿ, ಮತ್ತೆ ಎಷ್ಟು ಹೊತ್ತಿಗೆ ಏರುತ್ತದೆ ಅಂತ ನೋಡುವವರಿಗೆ ಇದು ಹೊಸದೇನಲ್ಲ.

ನಿವೃತ್ತ ಗಣಿತ ಟೀಚರ್:

ನಾನು ಮೂವತ್ತು ವರ್ಷ ಹೆರಾನ್ ಸೂತ್ರವನ್ನು ಬೋರ್ಡಿನ ಮೇಲೆ ಬರೆದವಳು. ಮಗು ಓದುತ್ತಿದ್ದಾಳೆ ಅಂದಿರಿ, ಅವಳಿಗಾಗಿಯೇ ಬರೆಯುತ್ತೇನೆ.

ಪುಟ್ಟಿ, ಹೆರಾನ್ ಅಳತೆಗಳ ಮೇಲೆ ಬರೆದ ಪುಸ್ತಕದ ಹೆಸರು ಮೆಟ್ರಿಕಾ. ಅದು ಕಳೆದೇ ಹೋಯಿತು ಅಂದುಕೊಂಡಿದ್ದರು. 1896ರಲ್ಲಿ ಇಸ್ತಾಂಬುಲ್‌ನಲ್ಲಿ ಒಂದು ಹಸ್ತಪ್ರತಿ ಸಿಕ್ಕಿತು. ಅದರಲ್ಲಿ ಅವನು 7, 8, 9 ಬಾಹುಗಳ ತ್ರಿಭುಜ ತೆಗೆದುಕೊಳ್ಳುತ್ತಾನೆ. ಪೆನ್ಸಿಲ್ ತಗೋ, ಜೊತೆಗೇ ಮಾಡು.

ಮೂರನ್ನೂ ಕೂಡಿದರೆ 24. ಅರ್ಧ 12. ಆ 12ರಿಂದ ಒಂದೊಂದು ಬಾಹುವನ್ನು ಕಳೆ: 5, 4, 3. ಈಗ ಗುಣಿಸು: 12 × 5 = 60, 60 × 4 = 240, 240 × 3 = 720. ಇದರ ವರ್ಗಮೂಲ ತ್ರಿಭುಜದ ವಿಸ್ತೀರ್ಣ. ಇಲ್ಲಿಯವರೆಗೆ ನಿನ್ನ ಪುಸ್ತಕದಲ್ಲೂ ಇದೆ.

ಆದರೆ 720ಕ್ಕೆ ಪೂರ್ಣ ಸಂಖ್ಯೆಯ ವರ್ಗಮೂಲ ಇಲ್ಲ. ಅವನು ಅಲ್ಲಿಗೆ ಬಿಡುವುದಿಲ್ಲ. ಹತ್ತಿರದ ವರ್ಗ 729, ಅದರ ಮೂಲ 27. ಸರಿ, 720ನ್ನು 27ರಿಂದ ಭಾಗಿಸು, 26⅔ ಬರುತ್ತದೆ. ಒಂದು ಜಾಸ್ತಿ, ಇನ್ನೊಂದು ಕಡಿಮೆ. ನಿಜವಾದ ಉತ್ತರ ಇವೆರಡರ ನಡುವೆ ಎಲ್ಲೋ ಇದೆ. ಎರಡನ್ನೂ ಕೂಡಿ ಅರ್ಧ ಮಾಡಿದರೆ 26⅚. ಇದರ ವರ್ಗ ಎಷ್ಟು ಗೊತ್ತಾ? 720 ಮತ್ತು 1/36. ಒಂದೇ ಸುತ್ತಿಗೆ ಇಷ್ಟು ಹತ್ತಿರ! ಇನ್ನೂ ಹತ್ತಿರ ಬೇಕಾದರೆ 729ರ ಜಾಗದಲ್ಲಿ ಇದನ್ನೇ ಇಟ್ಟು ಮತ್ತೆ ಮಾಡು ಅಂತ ಅವನೇ ಹೇಳುತ್ತಾನೆ. ಕಂಪ್ಯೂಟರ್ ಪಾಠದಲ್ಲಿ ಇವತ್ತೂ ವರ್ಗಮೂಲಕ್ಕೆ ಈ ದಾರಿ ಕಲಿಸುತ್ತಾರೆ.

ನಾನು ಕ್ಲಾಸಿನಲ್ಲಿ ಇದನ್ನು ಹೇಳಿದಾಗಲೆಲ್ಲ ಹಿಂದಿನ ಬೆಂಚಿನವರೂ ತಲೆ ಎತ್ತಿ ನೋಡುತ್ತಿದ್ದರು. ಸೂತ್ರ ಅಂದರೆ ಬಾಯಿಪಾಠ ಅಂದುಕೊಂಡಿರುತ್ತಾರೆ. ಇದು ಹಾಗಲ್ಲ, ಊಹಿಸು, ತಪ್ಪು ನೋಡು, ತಿದ್ದು. ನೀನು ಸೋಪಿನ ನೀರು ಹಚ್ಚಿ ಗುಳ್ಳೆ ಹುಡುಕಿದೆಯಲ್ಲ, ಅದೇ ಬುದ್ಧಿ.

ಹಳೇ ಪುಟ:

ಟೀಚರ್, ಆ ಸೂತ್ರ ಹೆರಾನ್‌ಗಿಂತ ಹಿಂದಿನ ಆರ್ಕಿಮಿಡೀಸ್‌ನದು ಅಂತ ಮಧ್ಯಯುಗದ ವಿದ್ವಾಂಸ ಅಲ್ ಬಿರೂನಿ ಬರೆದಿದ್ದಾನೆ. ಅದನ್ನೂ ಹೇಳಬೇಕು ಅಲ್ವಾ?

ನಿವೃತ್ತ ಗಣಿತ ಟೀಚರ್:

ಹೇಳಬೇಕು, ನೆನಪಿಸಿದ್ದಕ್ಕೆ ಥ್ಯಾಂಕ್ಸ್. ಆದರೆ ನಮ್ಮ ಕೈಗೆ, ಸೂತ್ರ ಯಾಕೆ ಸರಿ ಅನ್ನುವ ಸಾಧನೆಯ ಸಮೇತ ಬಂದದ್ದು ಹೆರಾನ್‌ನ ಪುಸ್ತಕದಿಂದ. ಹೆಸರು ಉಳಿದದ್ದು ಅದಕ್ಕೇ.

ನಮ್ಮ ಕಡೆಯ ವಿಷಯವನ್ನೂ ಹೇಳಿಬಿಡುತ್ತೇನೆ. ಬ್ರಹ್ಮಗುಪ್ತ ಕ್ರಿ.ಶ. 628ರಲ್ಲಿ ಇದನ್ನೇ ನಾಲ್ಕು ಬಾಹುಗಳಿಗೆ ಬೆಳೆಸಿ ಬರೆದ. ಅರ್ಧಮೊತ್ತದಿಂದ ನಾಲ್ಕನ್ನೂ ಒಂದೊಂದಾಗಿ ಕಳೆದು, ಗುಣಿಸಿ, ಮೂಲ ತೆಗೆಯುವುದು. ನಾಲ್ಕೂ ಮೂಲೆ ಒಂದೇ ವೃತ್ತದ ಮೇಲಿದ್ದಾಗ ಮಾತ್ರ ಅದು ಸರಿ. ನಮ್ಮ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯನ ಗಣಿತಸಾರಸಂಗ್ರಹದಲ್ಲೂ ತ್ರಿಭುಜಕ್ಕೂ ಚತುರ್ಭುಜಕ್ಕೂ ಈ ನಿಯಮ ಇದೆ. ಹೆರಾನ್ ಬಳಸಿದ 13, 14, 15ರ ತ್ರಿಭುಜ ಭಾಸ್ಕರಾಚಾರ್ಯನ ಲೀಲಾವತಿಯಲ್ಲೂ ಸಿಗುತ್ತದೆ. ಅಲ್ಲಿ 14ಕ್ಕೆ ಮನು, 15ಕ್ಕೆ ತಿಥಿ ಅಂತ ಪದದಲ್ಲಿ ಸಂಖ್ಯೆ ಹೇಳಿದ್ದಾರೆ. ವಿಸ್ತೀರ್ಣ 84, ಚೂರೂ ಉಳಿಯುವುದಿಲ್ಲ. ಪುಟ್ಟಿ, ಇದನ್ನು ನೀನೇ ಮಾಡಿ ನೋಡು.

ಲಂಡನ್ ಕನ್ನಡತಿ:

ಪಂಪಿನ ಮಾತು ಯಾರೂ ಎತ್ತಲಿಲ್ಲ! ಬೆಂಕಿ ಆರಿಸುವ ಪಂಪಿನ ವಿವರ ಗಾಳಿ, ನೀರಿನ ಯಂತ್ರಗಳ ಬಗ್ಗೆ ಹೆರಾನ್ ಬರೆದ ನ್ಯೂಮ್ಯಾಟಿಕಾ ಪುಸ್ತಕದಲ್ಲಿ ಇದೆ. ಎರಡು ಕಂಚಿನ ಸಿಲಿಂಡರ್, ಎರಡು ಪಿಸ್ಟನ್, ಮಧ್ಯೆ ಏತದ ಹಾಗೆ ಮೇಲೆ ಕೆಳಗೆ ಆಡುವ ಒಂದು ಕೋಲು. ಒಂದು ಪಿಸ್ಟನ್ ನೀರು ಎಳೆದುಕೊಳ್ಳುವಾಗ ಇನ್ನೊಂದು ದೂಡುತ್ತದೆ. ನೀರು ಹಿಂದಕ್ಕೆ ಬರದಂತೆ ವಾಲ್ವ್‌ಗಳಿವೆ. ಮೂತಿಯನ್ನು ಬೇಕಾದ ಕಡೆ ತಿರುಗಿಸಬಹುದು. ಪಂಪಿನ ಮೂಲ ಯೋಚನೆ ಅವನಿಗಿಂತ ಮೊದಲಿದ್ದ ಕ್ಟೆಸಿಬಿಯಸ್‌ನದು. ಇಟಲಿಯ ಬೊಲ್ಸೇನದಲ್ಲಿ ಸಿಕ್ಕ ರೋಮನರ ಕಾಲದ ಇಂಥ ಕಂಚಿನ ಪಂಪು ಇಲ್ಲಿ ಬ್ರಿಟಿಷ್ ಮ್ಯೂಸಿಯಂನ ಸಂಗ್ರಹದಲ್ಲಿದೆ. ಊರಲ್ಲಿ ಶಾಲೆಯ ಮುಂದಿನ ಬೋರ್ ಪಂಪು ಹೊಡೆದು ಬೆಳೆದವಳು ನಾನು. ಅದರ ಚರ್ಮದ ವಾಷರ್ ಒಣಗಿದರೆ ಮೇಲಿನಿಂದ ಒಂದು ಚೊಂಬು ನೀರು ಸುರಿಯಬೇಕಿತ್ತು. ಹೆರಾನ್‌ನ ಪಂಪಿನ ಚಿತ್ರ ನೋಡಿದರೆ ನನ್ನ ಕಿವಿಗೆ ಆ ಸದ್ದೇ ಕೇಳುತ್ತದೆ.

ಸಂಶಯ:

ಸರಿ, ಪಂಪು, ಮಟ್ಟ ಒಪ್ಪಿದೆ. ಆದರೆ ಹೆರಾನ್ ಬರೆದ ಯಂತ್ರಗಳಲ್ಲಿ ದೇವಸ್ಥಾನದ ಬಾಗಿಲು ತಾನಾಗಿ ತೆರೆಯುವುದು, ನಾಣ್ಯ ಹಾಕಿದರೆ ತೀರ್ಥ ಬರುವುದು, ಇದೆಲ್ಲ ಭಕ್ತರನ್ನು ನಂಬಿಸಲು ಮಾಡಿದ್ದಲ್ವಾ? ಅದು ನನಗೆ ಸರಿ ಕಾಣುವುದಿಲ್ಲ.

ಲೇತ್ ಕೆಲಸದವ:

ನಾಣ್ಯದ ಪೆಟ್ಟಿಗೆಯಲ್ಲಿ ಮೋಸ ಎಲ್ಲಿದೆ ಅಣ್ಣ? ಐದು ದ್ರಾಖ್ಮದ ನಾಣ್ಯ ಹಾಕಿದರೆ ಅದು ಸನ್ನೆಕೋಲಿನ ತುದಿಯ ತಟ್ಟೆಯ ಮೇಲೆ ಬೀಳುತ್ತದೆ. ಆ ತುದಿ ಇಳಿಯುತ್ತದೆ, ಈ ತುದಿ ಎದ್ದು ಮುಚ್ಚಳ ತೆರೆಯುತ್ತದೆ, ನೀರು ಬರುತ್ತದೆ. ತಟ್ಟೆ ವಾಲಿದ ಮೇಲೆ ನಾಣ್ಯ ಜಾರಿ ಬೀಳುತ್ತದೆ, ಮುಚ್ಚಳ ಮತ್ತೆ ಕೂರುತ್ತದೆ. ಒಬ್ಬೊಬ್ಬರಿಗೆ ಇಷ್ಟೇ ನೀರು ಅಂತ ಅಳತೆ. ಕೈಕಾಲು ತೊಳೆಯುವ ನೀರನ್ನು ಒಬ್ಬನೇ ಖಾಲಿ ಮಾಡಬಾರದಲ್ಲ.

ಹಳೇ ಪುಟ:

ಬಾಗಿಲಿನ ಯಂತ್ರವೂ ನಿಜವಾದ ದೊಡ್ಡ ಗುಡಿಗೆ ಅಂತ ಅವನು ಬರೆದಿಲ್ಲ. ಸಣ್ಣ ಗುಡಿಯ ಮಾದರಿ ಅದು. ಪೀಠದ ಮೇಲೆ ಬೆಂಕಿ ಹಚ್ಚಿದರೆ ಒಳಗಿನ ಗಾಳಿ ಕಾದು ಹಿಗ್ಗುತ್ತದೆ, ಕೆಳಗಿನ ಗೋಳದ ನೀರನ್ನು ದೂಡಿ ತೂಗುಹಾಕಿದ ಬಕೆಟ್ಟಿಗೆ ಸುರಿಯುತ್ತದೆ. ಬಕೆಟ್ಟು ಭಾರವಾಗಿ ಇಳಿದು ಹಗ್ಗ ಎಳೆಯುತ್ತದೆ, ಬಾಗಿಲು ತೆರೆಯುತ್ತದೆ. ಬೆಂಕಿ ಆರಿದರೆ ಎಲ್ಲ ಹಿಂದುಮುಂದಾಗಿ ಬಾಗಿಲು ಮುಚ್ಚುತ್ತದೆ. ಗುಟ್ಟು ಕಾಪಾಡಬೇಕು ಅಂದುಕೊಂಡವನು ಹೀಗೆ ಒಂದೊಂದು ಹಗ್ಗವನ್ನೂ ಬಿಡಿಸಿ ಬರೆಯುತ್ತಾನಾ? ನ್ಯೂಮ್ಯಾಟಿಕಾದ ಶುರುವಿನಲ್ಲೇ ಅವನು ಹೇಳುತ್ತಾನೆ, ಇವುಗಳಲ್ಲಿ ಕೆಲವು ಬದುಕಿಗೆ ಬೇಕಾದವು, ಕೆಲವು ಜನರನ್ನು ಬೆರಗುಗೊಳಿಸುವವು ಅಂತ.

ನನಗೆ ತುಂಬಾ ಇಷ್ಟವಾದದ್ದು ಅವನ ತಾನಾಗಿ ಓಡುವ ಬಂಡಿ. ಒಂದು ಕೊಳವೆಯಲ್ಲಿ ಸಾಸಿವೆಯನ್ನೋ ನವಣೆಯಂಥ ಕಾಳನ್ನೋ ತುಂಬಿ, ಮೇಲೆ ಸೀಸದ ತೂಕ ಇಡುತ್ತಾನೆ. ತಳದ ಸಣ್ಣ ತೂತಿನಿಂದ ಕಾಳು ಸುರಿಯುತ್ತಾ ಹೋದಂತೆ ತೂಕ ಮೆಲ್ಲಗೆ ಇಳಿಯುತ್ತದೆ, ಅದಕ್ಕೆ ಕಟ್ಟಿದ ಹಗ್ಗ ಗಾಲಿಯ ಅಚ್ಚನ್ನು ತಿರುಗಿಸುತ್ತದೆ. ಹಗ್ಗವನ್ನು ಒಂದು ಕಡೆ ಸುತ್ತಿ, ಗೂಟಕ್ಕೆ ಸಿಕ್ಕಿಸಿ, ಮತ್ತೆ ಉಲ್ಟಾ ಸುತ್ತಿದರೆ ಬಂಡಿ ಮುಂದೆ ಹೋಗಿ ಹಿಂದೆ ಬರುತ್ತದೆ. ಮಧ್ಯೆ ಹಗ್ಗ ಸಡಿಲ ಬಿಟ್ಟರೆ ಅಷ್ಟು ಹೊತ್ತು ನಿಲ್ಲುತ್ತದೆ. ಹಗ್ಗ ಸುತ್ತುವ ಕ್ರಮ ಬದಲಿಸಿದರೆ ಆಟವೇ ಬದಲಾಗುತ್ತದೆ. ಶೆಫೀಲ್ಡ್ ವಿಶ್ವವಿದ್ಯಾಲಯದ ನೋಯೆಲ್ ಶಾರ್ಕಿ 2007ರಲ್ಲಿ ಇದನ್ನು ಮತ್ತೆ ಕಟ್ಟಿ ಓಡಿಸಿ ತೋರಿಸಿದರು.

ಸಂಶಯ:

ಹಗ್ಗ ಸುತ್ತುವುದೇ ಪ್ರೋಗ್ರಾಮ್ ಅಂದ ಹಾಗಾಯ್ತು. ನಾನು ಸಾಫ್ಟ್‌ವೇರ್ ಕೆಲಸದವನು, ಇದು ನನಗೆ ತಟ್ಟಿತು. ಆಟಿಕೆ ಅಂದ ಮಾತು ವಾಪಸ್ ತಗೊಳ್ತೇನೆ.

ಒಂಬತ್ತನೇ ಕ್ಲಾಸಿನ ಅಪ್ಪ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಎರಡು ಸಲ ಓದಿದೆವು.

ಭಾನುವಾರ ಬೆಳಿಗ್ಗೆ ಅವಳು ಟೇಪ್ ಹಿಡಿದುಕೊಂಡು ಹಿತ್ತಲಿಗೆ ಹೋದಳು. ನಮ್ಮ ಹಿತ್ತಲು ನಾಲ್ಕು ಮೂಲೆಯದು, ಆದರೆ ಯಾವ ಮೂಲೆಯೂ ಚೌಕ ಇಲ್ಲ. ಬಾವಿಕಟ್ಟೆ ಮೂಲೆಯಿಂದ ನುಗ್ಗೆಮರದ ಮೂಲೆಗೆ ನನ್ನಿಂದ ದಾರ ಹಿಡಿಸಿ ಎರಡು ತ್ರಿಭುಜ ಮಾಡಿದಳು. ಐದು ಅಳತೆ ಬರೆದುಕೊಂಡಳು. ಕ್ಯಾಲ್ಕುಲೇಟರ್ ಬೇಡ ಅಂದಳು. ಟೀಚರ್ ಹೇಳಿದ ಹಾಗೆ ಊಹಿಸಿ, ಭಾಗಿಸಿ, ಅರ್ಧ ಮಾಡಿ ಎರಡು ಸುತ್ತಿನಲ್ಲಿ ಮೂಲ ತೆಗೆದಳು. 13, 14, 15ರದ್ದು 84 ಅಂತ ಅದಕ್ಕೂ ಮೊದಲೇ ಮಾಡಿ ಮುಗಿಸಿದ್ದಳು.

ಈಗ ಅಡುಗೆಮನೆಯಿಂದ ಸಾಸಿವೆ ಡಬ್ಬ ಕಾಣೆಯಾಗಿದೆ. ಹಳೇ ಪುಟ ಸರ್, ಕೊಳವೆಯ ತೂತು ಎಷ್ಟು ದೊಡ್ಡದಿರಬೇಕು ಅಂತ ಕೇಳುತ್ತಿದ್ದಾಳೆ. ಪೆನ್ನಿನ ರೀಫಿಲ್ ಅಷ್ಟು ಮಾಡಿದರೆ ಕಾಳು ಸಿಕ್ಕಿಕೊಳ್ಳುತ್ತಿದೆ.

ಲೇತ್ ಕೆಲಸದವ:

ಅದರ ಎರಡರಷ್ಟು ಮಾಡಲು ಹೇಳಿ ಸರ್. ತೂತಿನ ಅಂಚನ್ನು ಉಪ್ಪುಕಾಗದದಲ್ಲಿ ನಯ ಮಾಡಲಿ. ಸಾಸಿವೆಯನ್ನು ಮೊದಲು ಜರಡಿ ಹಿಡಿಯಿರಿ, ಕಡ್ಡಿ ಕಸ ಇದ್ದರೆ ಅಲ್ಲೇ ಕಟ್ಟಿಕೊಳ್ಳುತ್ತದೆ.